ನಿಂತ ಮೇಲೆ ಬರುವ ಕೆಮ್ಮು

ಮಾರ್ಚ್ 3

ಅಕ್ಕನಿಗೆ ನಮಸ್ಕಾರ.

ನಿನ್ನ ಮಗಳು ಬಂದು ತಲುಪಿದಳು. ಎರಡು ಬಸ್ಸು ಬದಲಿಸಿ, ಸೀಟು ಸಿಗದೆ ಟ್ರಂಕಿನ ಮೇಲೆ ಕೂತು, ಮುಖ ಸಪ್ಪೆ ಮಾಡಿಕೊಂಡು ಬಂದವಳು ಮೈದಾನ ಕಂಡ ಕೂಡಲೇ ಚಪ್ಪಲಿ ಕಳಚಿ ಒಂದು ಸುತ್ತು ಓಡಿಯೇಬಿಟ್ಟಳು. ನಾನಿಟ್ಟ ಹೆಸರು ಸುಳ್ಳಾಗಲಿಲ್ಲ ನೋಡು. ಮಿಡತೆ ಅಂದರೆ ಮಿಡತೆಯೇ. ಹದಿನೇಳು ತುಂಬಿದರೂ ನಿಂತಲ್ಲಿ ನಿಲ್ಲುವ ಜಾತಿಯಲ್ಲ.

ಕ್ಯಾಂಪು ಹೇಗಿದೆ ಅಂತ ಹೇಗೂ ಕೇಳುತ್ತೀಯ, ನಾನೇ ಹೇಳಿಬಿಡುತ್ತೇನೆ. ಉದ್ದನೆಯ ಒಂದು ಶೆಡ್ಡು, ಹದಿನಾರು ಮಂಚ, ಹದಿನಾರು ಹುಡುಗಿಯರು. ಪಕ್ಕದಲ್ಲೇ ಹಿನ್ನೀರು. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಸುಣ್ಣ ಬಳಿದ ತಿಂಗಳಿಗೇ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಬೆಳಗ್ಗೆ ಆರಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಆದರೆ ಎದೆಗೆ ಇದಕ್ಕಿಂತ ಒಳ್ಳೆಯ ಗಾಳಿ ಇನ್ನೊಂದಿಲ್ಲ ಅಕ್ಕ. ನಾನು ಓಡುತ್ತಿದ್ದ ಕಾಲದಲ್ಲಿ ಆ ಒಣ ಚಳಿಗಾಳಿ ಗಂಟಲನ್ನು ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ಉರಿಸುತ್ತಿತ್ತು. ಇಲ್ಲಿ ಆ ರಗಳೆಯೇ ಇಲ್ಲ.

ಅವಳ ನಂಬರು ಹದಿನಾಲ್ಕು. ಇಲ್ಲಿ ನಾನು ಅವಳಿಗೆ ಸರ್, ಮಾವ ಅಲ್ಲ. ಸೋದರ ಸೊಸೆ ಅಂತ ಮೊದಲೇ ಆಫೀಸಿನಲ್ಲಿ ಗುಸುಗುಸು ಶುರುವಾಗಿದೆ. ಹಾಗಾಗಿ ಬೇರೆಯವರಿಗೆ ಒಂದು ಪಾಲು ಬೈದರೆ ಅವಳಿಗೆ ಎರಡು ಪಾಲು ಬೈಯುತ್ತೇನೆ, ನೀನು ಬೇಜಾರು ಮಾಡಿಕೊಳ್ಳಬೇಡ. ಟ್ರಂಕ್ ಕಾಲ್ ಅಂತೂ ಮಾಡಲೇಬೇಡ. ಗುಮಾಸ್ತರ ಮೇಜಿನ ಮೇಲೆ ಒಂದೇ ಫೋನು, ಆರು ಜೊತೆ ಕಿವಿ.

ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಪ್ರತಿ ಸುತ್ತಿನಲ್ಲೂ ನನ್ನ ಮುಂದೆ ಹಾಯುವಾಗ ತಮ್ಮ ನಂಬರು ಕೂಗಬೇಕು. ನಾನು ಗಡಿಯಾರ ನೋಡುತ್ತಿರುತ್ತೇನೆ, ಮುಖ ನೋಡುವುದಿಲ್ಲ. ಕೂಗು ಗಟ್ಟಿಯಾಗಿದ್ದರೆ ಒಳಗೆ ಉಸಿರಿದೆ, ತೆಳುವಾದರೆ ಉಸಿರು ತೀರಿತು. ಮುಖ ನಾಟಕ ಮಾಡುತ್ತದೆ, ಗಂಟಲು ಮಾಡುವುದಿಲ್ಲ.

ನೀನು ಕಳಿಸಿದ ವೈದ್ಯಕೀಯ ಫಾರ್ಮು ತೊಳೆದಿಟ್ಟ ತಟ್ಟೆಯ ಹಾಗಿದೆ, ಸಂತೋಷ. ಈ ಸಲ ಇಬ್ಬರನ್ನು ಎದೆ ಸರಿಯಿಲ್ಲ ಅಂತ ಬಸ್ಸು ಹತ್ತಿಸಿ ವಾಪಸು ಕಳಿಸಿದೆ. ಒಬ್ಬಳು ಗೇಟಿನ ಕಂಬ ಹಿಡಿದುಕೊಂಡು ಅತ್ತಳು. ಏನು ಮಾಡಲಿ, ಉಬ್ಬಸದವರನ್ನು ಓಡಿಸಿ ನಾನು ಜೈಲಿಗೆ ಹೋಗಲಾ?

ಏಪ್ರಿಲ್ ಹದಿನಾರಕ್ಕೆ ಆಯ್ಕೆ ಓಟ. ಐದು ಸಾವಿರ ಮೀಟರು. ಮೊದಲ ಇಬ್ಬರು ದೊಡ್ಡ ತಂಡಕ್ಕೆ ಹೋಗುತ್ತಾರೆ. ಮಿಡತೆ ಆ ಇಬ್ಬರಲ್ಲಿ ಒಬ್ಬಳಾಗದಿದ್ದರೆ ನನ್ನ ಮೀಸೆ ನೀನೇ ಬೋಳಿಸು.

ಭಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ


ಮಾರ್ಚ್ 9

ಪ್ರೀತಿಯ ತಮ್ಮನಿಗೆ,

ಡಾಕ್ಟರು ಬರುವುದರೊಳಗೆ ಬರೆದು ಮುಗಿಸಬೇಕು. ಕ್ಲಿನಿಕ್ಕಿನ ಬೆಂಚಿನ ಮೇಲೆ ಆಗಲೇ ಹನ್ನೊಂದು ಜನ ಕೂತಿದ್ದಾರೆ, ಅವರಲ್ಲಿ ನಾಲ್ಕು ಜನಕ್ಕೆ ನಿಜವಾಗಿ ಕಾಯಿಲೆ ಇದೆ. ಚೀಟಿ ಬರೆಯುವವಳು ನಾನೇ, ಮಾತ್ರೆ ಕಟ್ಟಿಕೊಡುವವಳು ನಾನೇ, ಸೂಜಿ ಕುದಿಸುವವಳೂ ನಾನೇ. ಡಾಕ್ಟರದ್ದು ಸಹಿ ಮಾತ್ರ. ಕಣ್ಣು ಮುಚ್ಚಿಕೊಂಡು ಹಾಕುತ್ತಾರೆ ಪುಣ್ಯಾತ್ಮರು.

ಹುಡುಗಿ ಸುಖವಾಗಿ ತಲುಪಿದಳು ಅಂತ ಓದಿ ಸಮಾಧಾನವಾಯಿತು. ಎರಡು ಪಾಲು ಬೈದುಕೋ, ಬೇಡ ಅನ್ನುವುದಿಲ್ಲ. ಆದರೆ ಕೆಲವು ಸಣ್ಣಪುಟ್ಟ ವಿಷಯ ಹೇಳುತ್ತೇನೆ, ನಗಬಾರದು. ಅವಳಿಗೆ ಕಿಟಕಿ ಪಕ್ಕದ ಮಂಚ ಕೊಡು. ಆ ಬೂಷ್ಟು ಹಿಡಿದ ಗೋಡೆಯ ಕಡೆ ಬೇಡ. ಹಾಸಿಗೆಯನ್ನು ವಾರಕ್ಕೊಮ್ಮೆಯಾದರೂ ಬಿಸಿಲಿಗೆ ಹಾಕಿಸು. ಕಸ ಗುಡಿಸುವ ಕೆಲಸ ಬೇರೆ ಯಾರಿಗಾದರೂ ಹೇಳು, ಇವಳಿಗೆ ಪಾತ್ರೆ ತೊಳೆಯಲು ಕೊಡು, ಎಷ್ಟಾದರೂ ತೊಳೆಯಲಿ. ಎದ್ದ ಕೂಡಲೇ ಜೋರಾಗಿ ಓಡಿಸಬೇಡ. ಮೊದಲು ಇಪ್ಪತ್ತು ನಿಮಿಷ ನಿಧಾನವಾಗಿ ಓಡಲಿ, ಆಮೇಲೆ ನಿನ್ನ ಕುದುರೆ ಓಟ.

ಯಾಕೆ ಅಂತ ಕೇಳಬೇಡ. ತಾಯಿ ಅಂದಮೇಲೆ ಇಂಥ ಹತ್ತು ಹುಚ್ಚು ಇರುತ್ತವೆ.

ಅವಳು ಕೆಮ್ಮುತ್ತಾಳಾ? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ


ಮಾರ್ಚ್ 16

ಅಕ್ಕನಿಗೆ,

ನಿನ್ನ ಪತ್ರ ಓದಿ ಬಿದ್ದು ಬಿದ್ದು ನಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಇದಕ್ಕೇ. ಕಿಟಕಿ ಪಕ್ಕದ ಮಂಚ, ಬಿಸಿಲಿಗೆ ಹಾಕಿದ ಹಾಸಿಗೆ! ಇದು ಓಟದ ಕ್ಯಾಂಪೋ, ಬಾಣಂತಿ ಕೋಣೆಯೋ?

ನಿನ್ನ ಪತ್ರ ಬಂದ ದಿನವೇ ಇಡೀ ಶೆಡ್ಡು ಗುಡಿಸುವ ಕೆಲಸವನ್ನು ಒಂದು ವಾರ ಅವಳಿಗೇ ವಹಿಸಿದೆ. ಕೋಪ ಮಾಡಿಕೊಳ್ಳಬೇಡ. ಪತ್ರ ಬಂದದ್ದನ್ನು ಹುಡುಗಿಯರೆಲ್ಲ ನೋಡಿದ್ದಾರೆ. ಮಾರನೇ ದಿನ ಅವಳ ಕೈಯಿಂದ ಪೊರಕೆ ತೆಗೆದಿದ್ದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತಿತ್ತು. ಮೂಲೆಯ ಮಂಚವೂ ಅವಳದ್ದೇ.

ಓಟ ಕೇಳು, ಅದು ಮುಖ್ಯ. ಮೂರು ಸಾವಿರ ಮೀಟರಿನಲ್ಲಿ ಹೋದ ವಾರಕ್ಕಿಂತ ಒಂಬತ್ತು ಸೆಕೆಂಡು ಕಡಿಮೆ! ಕೊನೆಯ ಸುತ್ತಿನವರೆಗೂ ‘ಹದಿನಾಲ್ಕು’ ಅನ್ನುವ ಕೂಗು ಗಂಟೆ ಬಾರಿಸಿದ ಹಾಗೆ ಬರುತ್ತದೆ. ಇಷ್ಟು ಗಟ್ಟಿ ಗಂಟಲು ಅವಳಿಗೆ ಎಲ್ಲಿತ್ತೋ, ನಿನ್ನ ಕಡೆಯಿಂದಲೇ ಬಂದಿರಬೇಕು.

ಕೆಮ್ಮು ಕೇಳಿದೆಯಲ್ಲ. ಕೆಮ್ಮುತ್ತಾಳೆ. ಆದರೆ ಓಡುವಾಗ ಅಲ್ಲ, ನಿಂತ ಮೇಲೆ. ನಾನು ಮುಂದಿನ ತಂಡವನ್ನು ಓಡಿಸುತ್ತಿರುವಾಗ ಬೇಲಿಯ ಹತ್ತಿರ ಬಗ್ಗಿ ಮಂಡಿ ಹಿಡಿದು ಕೆಮ್ಮುತ್ತಾ ನಿಂತಿರುತ್ತಾಳೆ. ಓಡುವಾಗ ಇಲ್ಲದ ಕೆಮ್ಮು ನಿಂತ ಮೇಲೆ ಬಂದರೆ ಅದು ಕೆಮ್ಮಲ್ಲ, ಎರಡನೇ ಸಲ ಓಡುವುದನ್ನು ತಪ್ಪಿಸಿಕೊಳ್ಳುವ ಉಪಾಯ. ಈ ವಿದ್ಯೆಯಲ್ಲಿ ನಾನೇ ಪಂಡಿತನಾಗಿದ್ದೆ, ನನ್ನ ಹತ್ತಿರ ನಡೆಯುವುದಿಲ್ಲ.

ನಿನ್ನ ತಮ್ಮ


ಮಾರ್ಚ್ 22

ತಮ್ಮನಿಗೆ,

ನೀನು ನಕ್ಕದ್ದು ಓದಿದೆ. ನಗು, ನಿನಗೆ ನಗುವ ವಯಸ್ಸು.

ಒಂದು ಮಾತಿಗೆ ಸರಿಯಾಗಿ ಉತ್ತರ ಬರೆ. ನಿಂತು ಎಷ್ಟು ನಿಮಿಷಕ್ಕೆ ಕೆಮ್ಮು ಶುರುವಾಗುತ್ತದೆ? ಎಷ್ಟು ಹೊತ್ತಿಗೆ ನಿಲ್ಲುತ್ತದೆ? ಉಸಿರು ಬಿಡುವಾಗ ಎದೆಯಲ್ಲಿ ಸುಂಯ್ ಅನ್ನುವ ಸದ್ದು ಏನಾದರೂ ಬರುತ್ತದೆಯೇ? ಗಡಿಯಾರ ಹೇಗೂ ನಿನ್ನ ಕೈಯಲ್ಲಿದೆ, ಒಂದು ದಿನ ಅವಳ ಪಕ್ಕ ನಿಂತು ನೋಡು.

ಯಾಕೆಂದರೆ ನಮ್ಮ ಕ್ಲಿನಿಕ್ಕಿಗೆ ಒಂದು ಹುಡುಗಿ ಬರುತ್ತಾಳೆ. ಅವಳಿಗೂ ಹೀಗೆಯೇ, ಆಡುವಾಗ ಏನೂ ಇಲ್ಲ, ಆಡಿ ಕೂತ ಐದು ಹತ್ತು ನಿಮಿಷಕ್ಕೆ ಎದೆ ಬಿಗಿಯುತ್ತದೆ. ಡಾಕ್ಟರು ಅದು ನಾಟಕ ಅಲ್ಲ ಅಂದರು. ಓಡುವಾಗ ಶ್ವಾಸದ ಕೊಳವೆ ಹೇಗೋ ತೆರೆದಿರುತ್ತದೆಯಂತೆ, ನಿಂತ ಮೇಲೆ ಮುಚ್ಚಿಕೊಳ್ಳುತ್ತದೆಯಂತೆ. ಬಿಸಿ ಗಾಳಿ, ಒದ್ದೆ ಗಾಳಿ, ಬೂಷ್ಟು, ದೂಳು ಎಲ್ಲಾ ಸೇರಿದರೆ ಕೇಳುವುದೇ ಬೇಡವಂತೆ. ಒದ್ದೆ ಗಾಳಿ ಎದೆಗೆ ಒಳ್ಳೆಯದು ಅಂತ ನಾನೂ ನಂಬಿದ್ದೆ. ಎಲ್ಲರಿಗೂ ಒಳ್ಳೆಯದಲ್ಲವಂತೆ. ಆ ಹುಡುಗಿಯ ವಿಷಯ ಹೇಳಿದೆ, ಅಷ್ಟೇ.

ತಿಂಡಿ ಡಬ್ಬಿ ಕಳಿಸುತ್ತಿದ್ದೇನೆ. ಅದರೊಳಗೆ ಒಂದು ಕಾಗದದ ಪೊಟ್ಟಣದಲ್ಲಿ ಬಿಳಿ ಮಾತ್ರೆಗಳಿವೆ. ಶಕ್ತಿ ಮಾತ್ರೆ, ರಕ್ತಕ್ಕೆ ಒಳ್ಳೆಯದು. ಓಡುವುದಕ್ಕೆ ಒಂದು ಗಂಟೆ ಮುಂಚೆ ಒಂದೊಂದು ತೆಗೆದುಕೊಳ್ಳಲಿ. ಅವಳಿಗೆ ಗೊತ್ತಿದೆ.

ನಿನ್ನ ಅಕ್ಕ


ಮಾರ್ಚ್ 29

ಅಕ್ಕ,

ಮಾತ್ರೆ ಚರಂಡಿಗೆ ಹಾಕಿದೆ.

ನಿನಗೆ ಬುದ್ಧಿ ಇದೆಯಾ? ಹೆಸರಿಲ್ಲ, ಚೀಟಿ ಇಲ್ಲ, ಕಾಗದದಲ್ಲಿ ಸುತ್ತಿದ ಬಿಳಿ ಮಾತ್ರೆ, ಅದೂ ಓಡುವುದಕ್ಕೆ ಒಂದು ಗಂಟೆ ಮುಂಚೆ! ಆಯ್ಕೆಯ ದಿನ ಮೂತ್ರ ಪರೀಕ್ಷೆಗೆ ಕಳಿಸುತ್ತಾರೆ. ಅದರಲ್ಲಿ ಏನಾದರೂ ಸಿಕ್ಕಿದರೆ ಹುಡುಗಿ ಜೀವಮಾನದಲ್ಲಿ ಮೈದಾನ ಮೆಟ್ಟುವ ಹಾಗಿಲ್ಲ, ನಾನು ಸೀಟಿ ಊದುವ ಹಾಗಿಲ್ಲ. ‘ಇದೇನು ಮಾತ್ರೆ?’ ಅಂತ ಅವಳನ್ನೇ ಕೇಳಿದೆ. ‘ಅಮ್ಮ ಏನೋ ಕಳ್ಸಿದಾರೆ ಸರ್, ನಂಗೊತ್ತಿಲ್ಲ’ ಅಂದಳು. ಗೊತ್ತಿದೆ ಅಂತ ನೀನು ಬರೆದಿದ್ದೀಯ, ಗೊತ್ತಿಲ್ಲ ಅಂತ ಅವಳು ಹೇಳುತ್ತಾಳೆ. ತಾಯಿ ಮಗಳು ಸೇರಿ ನನ್ನನ್ನೇನು ಆಟ ಆಡಿಸುತ್ತಿದ್ದೀರಾ?

ಇನ್ನೊಂದು ಘನಕಾರ್ಯ ಕೇಳು. ಒಂಬತ್ತನೇ ನಂಬರಿನ ಹುಡುಗಿಯೊಬ್ಬಳಿದ್ದಾಳೆ, ಪಕ್ಕದ ಮಂಚದವಳು. ಹುಡುಗಿಯರು ಅವಳನ್ನು ಗಂಟಲಮ್ಮ ಅಂತ ಕರೆಯುತ್ತಾರೆ, ಬಾಯಿ ತೆಗೆದರೆ ಶೆಡ್ಡಿನ ತಗಡು ಅದುರುತ್ತದೆ. ಮೊನ್ನೆ ಗಡಿಯಾರದ ಮೇಲೆ ನೊಣ ಕೂತಿತು ಅಂತ ತಲೆ ಎತ್ತಿದೆ. ಇಬ್ಬರೂ ಜೊತೆಗೆ ಹಾದುಹೋಗುತ್ತಿದ್ದರು. ‘ಒಂಬತ್ತು’ ಅಂತಲೂ ಗಂಟಲಮ್ಮನೇ ಕೂಗಿದಳು, ಅದರ ಹಿಂದೆಯೇ ‘ಹದಿನಾಲ್ಕು’ ಅಂತಲೂ ಅವಳೇ ಕೂಗಿದಳು! ನಿಲ್ಲಿಸಿ ಕೇಳಿದೆ.

‘ಎಷ್ಟು ದಿನದಿಂದ ನಡೀತಿದೆ ಇದು?’

‘ಮೂರು ವಾರ ಸರ್. ಅವಳಿಗೆ ಕೂಗಿದ್ರೆ ಉಸಿರು ಸಿಕ್ಕಲ್ಲ ಸರ್.’

‘ನಿನಗೆ ಯಾರು ಹೇಳಿದ್ದು ಕೂಗೋಕೆ?’

‘ಯಾರೂ ಹೇಳಿಲ್ಲ ಸರ್. ಪಾಪ ಅನ್ನಿಸ್ತು.’

ಮೂರು ವಾರ ನಾನು ಪುಸ್ತಕದಲ್ಲಿ ‘ಉಸಿರು ಉತ್ತಮ’ ಅಂತ ಬರೆದುಕೊಂಡದ್ದು ಬೇರೆ ಹುಡುಗಿಯ ಗಂಟಲು. ಇಬ್ಬರನ್ನೂ ಐದೈದು ಸುತ್ತು ಹೆಚ್ಚಿಗೆ ಓಡಿಸಿದೆ. ಬಿಸಿಲು ಏರಿತ್ತು, ನಿನ್ನ ಮಗಳು ಕೊನೆಗೆ ಸ್ವಲ್ಪ ಕೂತುಕೊಂಡಳು. ಬಿಸಿಲಿನ ಝಳ, ಅಷ್ಟೇ. ನೀರು ಚಿಮುಕಿಸಿದ ಮೇಲೆ ಎದ್ದಳು. ಎಲ್ಲರ ಮುಂದೆ ‘ಮಾವ’ ಅಂದಳು. ಹಾಗೆ ಕರೆದದ್ದಕ್ಕೆ ಸಂಜೆ ಇನ್ನೆರಡು ಸುತ್ತು ಹಾಕಿಸಿದೆ.

ನಿನ್ನ ಸಮಾಧಾನಕ್ಕೆ ಬೇಕಾದರೆ ಕೇಳು. ಶುಕ್ರವಾರ ಬೆಳಗ್ಗೆ ಕ್ಯಾಂಪಿನ ಡಾಕ್ಟರು ಬಂದಿದ್ದರು. ಓಟ ಶುರುವಾಗುವ ಮುಂಚೆಯೇ ಸಾಲಾಗಿ ನಿಲ್ಲಿಸಿ ಎಲ್ಲರ ಎದೆಗೂ ಕೊಳವೆ ಇಟ್ಟು ನೋಡಿದರು. ಹದಿನಾಲ್ಕರದ್ದು ಕನ್ನಡಿ ಹಾಗೆ ಸ್ವಚ್ಛ ಅಂದರು. ಗಡಿಯಾರ ಇರುವುದು ಓಟ ಅಳೆಯಲು, ಕೆಮ್ಮು ಅಳೆಯಲು ಅಲ್ಲ. ನಿನ್ನ ಕ್ಲಿನಿಕ್ಕಿನ ಹುಡುಗಿಯ ಕತೆ ಅಲ್ಲೇ ಇಟ್ಟುಕೋ.

ನಿನ್ನ ತಮ್ಮ


ಏಪ್ರಿಲ್ 4

ತಮ್ಮನಿಗೆ,

ನಿಮ್ಮ ಭಾವನಿಗೆ ಮೈ ಹುಷಾರಿಲ್ಲ. ನಾಲ್ಕು ದಿನದಿಂದ ಹಾಸಿಗೆ ಹಿಡಿದಿದ್ದಾರೆ. ಮಗಳನ್ನು ನೋಡಬೇಕು ಅನ್ನುತ್ತಿದ್ದಾರೆ. ಪತ್ರ ಕಂಡ ಕೂಡಲೇ ಅವಳನ್ನು ಬಸ್ಸು ಹತ್ತಿಸು. ಒಂದು ವಾರ ಇದ್ದು ಬರಲಿ.

ಅಲ್ಲಿಯವರೆಗೆ ಅವಳನ್ನು ಓಡಿಸಬೇಡ. ದಯವಿಟ್ಟು.

ಅಕ್ಕ


ಏಪ್ರಿಲ್ 8

ಅಕ್ಕ,

ನಿನ್ನ ಪತ್ರವೂ, ಭಾವನವರು ಮಗಳಿಗೆ ಬರೆದ ಕಾರ್ಡೂ ಒಂದೇ ಟಪಾಲಿನಲ್ಲಿ ಬಂದವು. ಕಾರ್ಡಿನಲ್ಲಿ ಹಾಸಿಗೆ ಹಿಡಿದ ಮನುಷ್ಯ ಏನು ಬರೆದಿದ್ದಾರೆ ಗೊತ್ತಾ? ಅವರು ಕೆಲಸ ಮಾಡುವ ಪ್ರೆಸ್ಸಿಗೆ ಹೊಸ ಯಂತ್ರ ಬಂದಿದೆಯಂತೆ, ತಾವೂ ಸೇರಿ ನಾಲ್ಕು ಜನ ಲಾರಿಯಿಂದ ಇಳಿಸಿದರಂತೆ, ಭಾನುವಾರ ತಾವೇ ಏಣಿ ಹಾಕಿ ನೀರಿನ ತೊಟ್ಟಿ ತೊಳೆದರಂತೆ!

ಚಿಕ್ಕಂದಿನಿಂದ ನನ್ನನ್ನು ಸಾಕಿದವಳು ನೀನು. ಸುಳ್ಳು ಹೇಳಿದರೆ ಬಾಯಿಗೆ ಬರೆ ಹಾಕುತ್ತೇನೆ ಅಂತಿದ್ದವಳು ನೀನು. ಈಗ ಗಂಡನಿಗೇ ಕಾಯಿಲೆ ಬರಿಸಿದ್ದೀಯಲ್ಲ, ನಾಲಿಗೆಗೆ ಮೂಳೆ ಇಲ್ಲವಾ? ನಿನಗೆ ಅವಳು ದೊಡ್ಡ ತಂಡಕ್ಕೆ ಹೋಗುವುದೇ ಬೇಡ. ಕೈ ಬಿಟ್ಟು ಹೋಗುತ್ತಾಳೆ ಅನ್ನುವ ಹೆದರಿಕೆ. ಮೊದಲೇ ಹೇಳಿದ್ದರೆ ನಾನು ಅವಳಲ್ಲಿ ಆಸೆ ಹುಟ್ಟಿಸುತ್ತಿರಲಿಲ್ಲ.

ಅವಳಿಗೂ ನಿನ್ನ ಪತ್ರ ತೋರಿಸಿದೆ. ಓದಿದಳು, ಮುಖ ಕೆಂಪಾಯಿತು. ‘ಮಾವ, ನನ್ನ ಕಳಿಸಿಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಅಮ್ಮಂಗೆ ಹೇಳಿ, ನಾನು ಚೆನ್ನಾಗಿದೀನಿ ಅಂತ’ ಅಂದಳು. ಈ ಸಲ ಮಾವ ಅಂದದ್ದಕ್ಕೆ ಬೈಯಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

ಆಮೇಲೆ ಒಂದು ಕೆಮ್ಮು ಕೆಮ್ಮಿಲ್ಲ ನೋಡು. ಓಡಿ ಮುಗಿಸಿದವಳೇ ನೇರ ಬಚ್ಚಲಮನೆಗೆ ಹೋಗುತ್ತಾಳೆ, ಮುಖ ತೊಳೆದುಕೊಂಡು ಅರ್ಧ ಗಂಟೆಯಾದ ಮೇಲೆ ನಗುತ್ತಾ ಬರುತ್ತಾಳೆ. ಮನಸ್ಸು ಗಟ್ಟಿಯಾದರೆ ಕೆಮ್ಮು ತಾನೇ ಹೋಗುತ್ತದೆ ಅಂತ ನಾನು ಹೇಳುತ್ತಿದ್ದದ್ದು ಇದನ್ನೇ.

ಹದಿನಾರರವರೆಗೆ ನನಗೆ ಪತ್ರ ಬರೆಯಬೇಡ. ಓಟ ಮುಗಿದ ದಿನ ನಾನೇ ಬರೆಯುತ್ತೇನೆ.

ನಿನ್ನ ತಮ್ಮ


ಏಪ್ರಿಲ್ 11

ತಮ್ಮಾ,

ಇದನ್ನು ಕೂತುಕೊಂಡು ಓದು. ಇದರಲ್ಲಿ ಸುಳ್ಳಿಲ್ಲ.

ಕ್ಲಿನಿಕ್ಕಿನ ಹುಡುಗಿ ಅಂತ ಯಾರೂ ಇಲ್ಲ. ಅದು ನಿನ್ನ ಮಿಡತೆ. ನಾಲ್ಕು ವರ್ಷದವಳಿದ್ದಾಗಿನಿಂದ ಹನ್ನೆರಡರವರೆಗೆ ಅವಳಿಗೆ ಉಬ್ಬಸ ಇತ್ತು. ಎರಡು ಸಲ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಿಸಿದ್ದೇವೆ. ಆ ವರ್ಷಗಳಲ್ಲಿ ನೀನು ಊರೂರು ಓಡಿಕೊಂಡಿದ್ದೆ. ವರ್ಷಕ್ಕೊಮ್ಮೆ ಬಂದಾಗ ನೆಗಡಿ ಅಂದೆವು, ನೀನು ನಂಬಿದೆ. ಹೆಣ್ಣು ಹುಡುಗಿ, ಉಬ್ಬಸ ಅಂತ ಹೆಸರು ಬಿದ್ದರೆ ನಾಳೆ ಕಷ್ಟ ಅಂತ ನಮ್ಮತ್ತೆ ಯಾರ ಹತ್ತಿರವೂ ಬಾಯಿ ಬಿಡಲು ಬಿಡಲಿಲ್ಲ. ಹನ್ನೆರಡಾದ ಮೇಲೆ ತಾನಾಗಿಯೇ ನಿಂತಿತು. ಐದು ವರ್ಷ ಒಂದು ದಿನವೂ ಬರಲಿಲ್ಲ. ಹೋಯಿತು ಅಂತಲೇ ನಂಬಿದ್ದೆ.

ಆ ಫಾರ್ಮು ತುಂಬಿದವಳು ನಾನು. ‘ಹಿಂದೆ ಶ್ವಾಸಕೋಶದ ಕಾಯಿಲೆ ಇತ್ತೇ’ ಅನ್ನುವ ಸಾಲಿನ ಮುಂದೆ ‘ಇಲ್ಲ’ ಅಂತ ಬರೆದದ್ದು ನನ್ನ ಕೈ. ಡಾಕ್ಟರು ಓದದೆ ಸಹಿ ಹಾಕಿದರು. ಇದೆ ಅಂತ ಬರೆದಿದ್ದರೆ ನೀನು ಅವಳನ್ನೂ ಬಸ್ಸು ಹತ್ತಿಸಿ ವಾಪಸು ಕಳಿಸುತ್ತಿದ್ದೆ. ‘ಅಮ್ಮ, ನೀನು ಹಾಗೆ ಬರೆದ್ರೆ ನಾನು ಸತ್ತೇ ಹೋಗ್ತೀನಿ’ ಅಂತ ಹುಡುಗಿ ಎರಡು ದಿನ ಊಟ ಬಿಟ್ಟಳು. ನನಗೂ ಆಸೆ ಇತ್ತು. ನಿನ್ನ ಕಣ್ಣ ಮುಂದೆ ಇರುತ್ತಾಳಲ್ಲ, ಸೋದರಮಾವ ಇದ್ದಾನಲ್ಲ ಅಂದುಕೊಂಡೆ.

ಮಾತ್ರೆ ಶಕ್ತಿಯದ್ದಲ್ಲ, ಉಬ್ಬಸದ್ದು. ಅವಳಿಗೆ ಗೊತ್ತಿತ್ತು. ಗೊತ್ತಿಲ್ಲ ಅಂದದ್ದು ನೀನು ವಾಪಸು ಕಳಿಸುತ್ತೀಯ ಅನ್ನುವ ಹೆದರಿಕೆಗೆ. ಬಚ್ಚಲಮನೆಯಲ್ಲಿ ಅವಳು ಮುಖ ತೊಳೆಯುತ್ತಿಲ್ಲ ತಮ್ಮಾ. ನಿನಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಟುಕೊಂಡು ಉಸಿರಿಗೆ ಒದ್ದಾಡುತ್ತಿದ್ದಾಳೆ. ಚಿಕ್ಕವಳಿದ್ದಾಗ ಅಜ್ಜಿಗೆ ಹೆದರಿ ಹಾಗೆಯೇ ಮಾಡುತ್ತಿದ್ದಳು. ನಿನ್ನ ಪತ್ರದ ಆ ಸಾಲು ಓದಿದವಳೇ ಅಂಚೆ ಕಚೇರಿಗೆ ಓಡಿದೆ.

ನಿನ್ನೆ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಕಾದೆ. ಗುಮಾಸ್ತರು ತೆಗೆದುಕೊಂಡರು. ‘ಕೋಚು ಮೈದಾನದಲ್ಲಿದ್ದಾರೆ ಕಣಮ್ಮ, ವಿಷಯ ಏನು ಹೇಳಿ, ಬರ್ಕೊಳ್ತೀನಿ’ ಅಂದರು. ಬಾಯಿವರೆಗೆ ಬಂತು. ಆ ಮನುಷ್ಯನಿಗೆ ಹೇಳಿದರೆ ಅವಳ ಓಟ ಅಲ್ಲಿಗೆ ಮುಗಿಯಿತು, ಸುಳ್ಳು ಫಾರ್ಮು ಅಂತ ನಿನ್ನ ಕೆಲಸಕ್ಕೂ ಕುತ್ತು. ಏನೂ ಇಲ್ಲ ಅಂತ ಇಟ್ಟುಬಿಟ್ಟೆ. ಇವತ್ತು ಬಸ್ ಸ್ಟ್ಯಾಂಡಿಗೆ ಹೋಗಿ ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ಕೂತೂ ಇಳಿದೆ. ಎಲ್ಲರ ಮುಂದೆ ಅವಳ ಕೈ ಹಿಡಿದು ಎಳೆದುಕೊಂಡು ಬಂದರೆ ಅವಳು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ನಿನ್ನ ಅಕ್ಕ ಎಂಥ ಹೇಡಿ ನೋಡು. ಅದಕ್ಕೇ ನಿನ್ನೊಬ್ಬನಿಗೆ ಬರೆಯುತ್ತಿದ್ದೇನೆ, ರಿಜಿಸ್ಟರ್ ಮಾಡಿ, ನಿನ್ನ ಕೈಗೇ ಸೇರುವ ಹಾಗೆ.

ಅವಳನ್ನು ಓಡಿಸಬೇಡ. ಆಗಲೇ ಓಡಿದ್ದರೆ, ನಿಂತ ಮೇಲೆ ಒಂದು ಗಂಟೆ ಅವಳ ಪಕ್ಕದಿಂದ ಕದಲಬೇಡ. ಉಸಿರು ಕಟ್ಟಿದರೆ ಕೂರಿಸು, ಮಲಗಿಸಬೇಡ. ಆಸ್ಪತ್ರೆಗೆ ಹೋದ ಕೂಡಲೇ ‘ಉಬ್ಬಸ’ ಅನ್ನುವ ಒಂದು ಮಾತು ಹೇಳು, ಮಿಕ್ಕಿದ್ದು ಅವರಿಗೆ ಗೊತ್ತು. ಎದೆಯ ಸುಂಯ್ ಸದ್ದು ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡ. ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ.

ನಿನ್ನ ಮೇಲೆ ನನಗೆ ಕೋಪ ಇಲ್ಲ. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ. ಮಗುವನ್ನು ಉಳಿಸಿಕೊಡು.

ಅಕ್ಕ


ಏಪ್ರಿಲ್ 16, ಮಧ್ಯಾಹ್ನ

ಅಕ್ಕಾ,

ಈ ಪತ್ರವನ್ನು ಕ್ಯಾಂಪಿನ ಜೀಪಿನ ಡ್ರೈವರು ತರುತ್ತಿದ್ದಾನೆ. ಓದಿದ ಕೂಡಲೇ ಭಾವನವರನ್ನು ಕರೆದುಕೊಂಡು ಅದೇ ಜೀಪು ಹತ್ತಿ ಬಾ. ಟೆಲಿಗ್ರಾಂ ಕೊಡೋಣ ಅಂತ ಹೋದೆ, ಫಾರ್ಮಿನ ಮೇಲೆ ಪೆನ್ನು ಇಟ್ಟು ನಿಂತೆ, ನಾಲ್ಕು ಪದದಲ್ಲಿ ಏನು ಬರೆಯಬೇಕು ಅಂತ ತಿಳಿಯಲಿಲ್ಲ. ಮುಖ ನೋಡಿ ಹೇಳುವ ಧೈರ್ಯ ನನಗೆ ಇರುವುದಿಲ್ಲ. ಇರುವುದೆಲ್ಲ ಇಲ್ಲೇ ಬರೆದುಬಿಡುತ್ತೇನೆ.

ಹೋದ ತಿಂಗಳು ಐದು ಸುತ್ತು ಹೆಚ್ಚಿಗೆ ಓಡಿಸಿದ ದಿನ ಸ್ವಲ್ಪ ಕೂತುಕೊಂಡಳು ಅಂತ ಬರೆದಿದ್ದೆ. ಅದು ಸುಳ್ಳು. ಬಿದ್ದಿದ್ದಳು. ಕಾಲು ಗಂಟೆ ಎದ್ದಿರಲಿಲ್ಲ. ತುಟಿ ನೀಲಿಯಾಗಿತ್ತು. ಬಿಸಿಲು ಅಂದುಕೊಂಡೆ. ಬಿಸಿಲು ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ರಾತ್ರಿ ಮಳೆ ಬಂದಿತ್ತು. ಬೆಳಗ್ಗೆ ಎಂಟೂವರೆಗೆ ಓಟ ಶುರುವಾದಾಗ ಬಿಸಿಲೇರಿ ನೆಲದಿಂದ ಹಬೆ ಏಳುತ್ತಿತ್ತು. ಹೇಗೆ ಓಡಿದಳು ಅಂತೀಯ ಅಕ್ಕಾ! ಎರಡನೆಯವಳಾಗಿ ಬಂದಳು. ಆಯ್ಕೆಯಾದಳು. ಗೆರೆ ದಾಟಿದ ಮೇಲೆ ಎರಡು ಕೈ ಎತ್ತಿ ನನ್ನ ಕಡೆ ನೋಡಿ ನಕ್ಕಳು. ನಾನು ಹೆಸರು ಬರೆಸಲು ಆಯ್ಕೆಗಾರರ ಮೇಜಿನ ಹತ್ತಿರ ಹೋದೆ. ಎಂಟು ನಿಮಿಷ ಆಗಿರಬೇಕು. ಗಂಟಲಮ್ಮ ಕಿರುಚಿದಳು.

ಬಚ್ಚಲಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ನಲ್ಲಿ ಓಡುತ್ತಿತ್ತು. ಬಾಗಿಲು ಒಡೆದೆ. ಬಿಸಿಲು ಹೊಡೆದಿದೆ ಅಂತ ಹೊರಗೆ ತಂದು ನೆರಳಲ್ಲಿ ಮಲಗಿಸಿದೆ, ತಣ್ಣೀರು ಹಾಕಿದೆ. ಎದ್ದು ಕೂರಲು ನೋಡಿದಳು, ನಾನೇ ಭುಜ ಹಿಡಿದು ಮಲಗಿಸಿದೆ. ಆಮೇಲೆ ಜೀಪಿಗೆ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ತಂದೆ. ದಾರಿಯಲ್ಲಿ ಎದೆಯ ಸುಂಯ್ ಸದ್ದು ನಿಂತಿತು. ‘ಸುಧಾರಿಸ್ತು ನೋಡ್ರೋ’ ಅಂತ ನಾನು ಹೇಳಿದೆ.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ನೋಡಿ ಮೊದಲು ಕೇಳಿದ್ದೇ ಅದು.

‘ಈ ಹುಡುಗಿಗೆ ಉಬ್ಬಸ ಏನಾದ್ರೂ ಇತ್ತಾ?’

‘ಇಲ್ಲ ಮೇಡಂ.’

‘ಸರಿಯಾಗಿ ಯೋಚಿಸಿ ಹೇಳಿ. ಸದ್ದೇ ಕೇಳ್ತಿಲ್ಲ. ಚಿಕ್ಕಂದಿನಲ್ಲಿ ಇತ್ತಾ?’

‘ನಮ್ಮಕ್ಕನ ಮಗಳು ಮೇಡಂ, ನಾನು ಎತ್ತಿ ಆಡಿಸಿದ ಮಗು. ನಂಗೊತ್ತಿಲ್ವಾ? ಇಲ್ಲ ಅಂದ್ರೆ ಇಲ್ಲ.’

ಇಷ್ಟು ಹೇಳಿ ಸುಮ್ಮನಾಗಲಿಲ್ಲ. ಗಡಿಯಾರ ಇಡುವ ಚೀಲಕ್ಕೆ ಕೈ ಹಾಕಿ ನಿನ್ನ ಫಾರ್ಮು ತೆಗೆದು ಅವರ ಮುಂದೆ ಹಿಡಿದೆ. ನೋಡಿದರು. ಸರಿ ಅಂತ ಬಿಸಿಲಿಗೆ ಕೊಡುವ ಔಷಧಿ ಶುರು ಮಾಡಿದರು. ಬಾಟಲಿ ನೀರು ಏರಿಸಿದರು, ಮೈಗೆ ಮಂಜುಗಡ್ಡೆ ಒತ್ತಿದರು.

ಆ ಚೀಲದಲ್ಲೇ ನಿನ್ನ ಪತ್ರ ಇತ್ತು ಅಕ್ಕಾ. ನಿನ್ನೆ ಮಧ್ಯಾಹ್ನ ಬಂದಿತ್ತು. ಸಹಿ ಹಾಕಿ ತೆಗೆದುಕೊಂಡವನು ನಾನೇ. ಇನ್ನೊಂದು ಸುಳ್ಳು ಬಂತು ಅಂತ ಒಡೆಯದೆ ಒಳಗೆ ಹಾಕಿದ್ದೆ. ಫಾರ್ಮು ಎಳೆಯುವಾಗ ಅದರ ಅಂಚು ನನ್ನ ಬೆರಳಿಗೆ ತಗುಲಿತು. ಪಕ್ಕಕ್ಕೆ ತಳ್ಳಿ ಫಾರ್ಮು ತೆಗೆದೆ.

ನಲವತ್ತು ನಿಮಿಷ ಆದ ಮೇಲೆ ವರಾಂಡದಲ್ಲಿ ಕೂತು ಒಡೆದೆ. ಕೂತುಕೊಂಡು ಓದು ಅಂತ ಮೊದಲ ಸಾಲು. ಎರಡನೇ ಪ್ಯಾರಾ ಓದುವಷ್ಟರಲ್ಲಿ ಎದ್ದು ಓಡಿದೆ. ಇಪ್ಪತ್ತು ಹೆಜ್ಜೆಯ ಆ ವರಾಂಡದಷ್ಟು ಉದ್ದದ ಓಟ ನಾನು ಓಡಿಲ್ಲ. ‘ಉಬ್ಬಸ ಮೇಡಂ, ಉಬ್ಬಸ’ ಅಂತ ಕೂಗಿಕೊಂಡು ಒಳಗೆ ಹೋದೆ. ಅಷ್ಟರಲ್ಲಿ ಎದೆ ಬಡಿತ ನಿಂತಿತ್ತು. ಅವರು ಎದೆ ಒತ್ತಿದರು, ಸೂಜಿ ಕೊಟ್ಟರು, ಗಂಟಲಿಗೆ ಕೊಳವೆ ಇಳಿಸಿದರು. ಬಡಿತ ತಿರುಗಿ ಬಂತು. ಉಸಿರು ಬರಲಿಲ್ಲ.

ಇಲ್ಲಿ ಉಸಿರಾಡಿಸುವ ಯಂತ್ರ ಇಲ್ಲ. ಕೊಳವೆಗೆ ಒಂದು ರಬ್ಬರಿನ ಚೀಲ ಸಿಕ್ಕಿಸಿದ್ದಾರೆ, ಅದನ್ನು ಕೈಯಿಂದ ಹಿಸುಕಬೇಕು. ನಿಮಿಷಕ್ಕೆ ಹನ್ನೆರಡು ಸಲ. ನರ್ಸು ಒಬ್ಬರೇ, ಅವರಿಗೆ ಬೇರೆ ರೋಗಿಗಳಿದ್ದಾರೆ. ಹದಿನೈದು ಹುಡುಗಿಯರೂ ಬಂದಿದ್ದಾರೆ. ಹತ್ತು ಹತ್ತು ನಿಮಿಷದಂತೆ ಸರದಿ ಹಾಕಿಕೊಟ್ಟಿದ್ದೇನೆ. ಒಬ್ಬಳು ಹಿಸುಕುತ್ತಾಳೆ, ಒಬ್ಬಳು ಎಣಿಸುತ್ತಾಳೆ. ಯಾರೂ ಅಳುತ್ತಿಲ್ಲ, ಅತ್ತರೆ ಲೆಕ್ಕ ತಪ್ಪುತ್ತದೆ. ನನ್ನ ಸರದಿ ಮುಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿನ ಮುಂಚೆ ಡಾಕ್ಟರಮ್ಮ ಬಂದು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಎರಡು ಸಲ ನೋಡಿದರು. ನನ್ನನ್ನು ಹೊರಗೆ ಕರೆದು, ಕೈಯಲ್ಲಿ ಒತ್ತುತ್ತಿರುವುದು ಉಸಿರು ಮಾತ್ರ, ಒಳಗೆ ಹುಡುಗಿ ಇಲ್ಲ ಅಂದರು. ಹೃದಯ ಇನ್ನು ಎಷ್ಟು ಹೊತ್ತು ತಡೆಯುತ್ತದೋ ಅವರಿಗೂ ಗೊತ್ತಿಲ್ಲವಂತೆ. ‘ನಿಲ್ಲಿಸಬಹುದು. ನೀವು ಹೇಳಿ’ ಅಂದರು.

ನಾನು ಹೇಳಲಿಲ್ಲ. ಇಲ್ಲಿಯವರೆಗೆ ನಾನು ಹೇಳಿದ್ದೇ ಸಾಕು.

ಜೀಪಿಗೆ ಅಲ್ಲಿಗೆ ಬರಲು ಎಂಟು ಗಂಟೆ, ಇಲ್ಲಿಗೆ ಮರಳಲು ಎಂಟು ಗಂಟೆ. ಅಲ್ಲಿಯವರೆಗೆ ನಾವು ಚೀಲ ಒತ್ತುತ್ತಲೇ ಇರುತ್ತೇವೆ. ಅವಳ ಕೈ ಇನ್ನೂ ಬೆಚ್ಚಗಿದೆ. ಬಂದು ಹಿಡಿದುಕೋ. ಆಮೇಲೆ ನೀನು ಸಾಕು ಅಂದರೆ ನಿಲ್ಲಿಸುತ್ತೇನೆ.